ಗೇರುಗುಡ್ಡೆಯ ಕೆಳಗಿನ ಊರುಗಳು: ಪಡ್ರೆಯ ಎಂಡೋಸಲ್ಫಾನ್ ಚರಿತ್ರೆ

ಕಾಸರಗೋಡಿನ ಚರಿತ್ರೆಯನ್ನು ಕನ್ನಡಿಗರಾದ ನಾವು ಬರೆಯಹೊರಟಾಗ ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ಬೇಕಲದ ಕೋಟೆ, 1956ರ ನವೆಂಬರ್ 1, ಆ ಬಳಿಕದ ಗಡಿ ಹೋರಾಟ ಇವೆಲ್ಲ ತಾವಾಗಿಯೇ ಮುಂದೆ ಬಂದು ನಿಲ್ಲುತ್ತವೆ. ಇವುಗಳ ಬಗ್ಗೆ ನಮ್ಮ ಸಮ್ಮೇಳನಗಳ ಸ್ಮರಣಸಂಚಿಕೆಗಳಲ್ಲಿ ಸಾಕಷ್ಟು ಬರೆಹಗಳು ಬಂದಿವೆ. ಆದರೆ ಇದೇ ನೆಲದ ಇನ್ನೊಂದು ಅಧ್ಯಾಯ ನಮ್ಮ ಸಾಹಿತ್ಯಕ ಚರಿತ್ರೆಯ ಪುಟಗಳಲ್ಲಿ ಇನ್ನೂ ಸರಿಯಾದ ಸ್ಥಾನ ಪಡೆದಿಲ್ಲ. ಅದು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮುಂತಾದ ಪಂಚಾಯತುಗಳ ಕೃಷಿಕ ಕುಟುಂಬಗಳು ಎರಡು ದಶಕಗಳಿಗೂ ಮಿಕ್ಕಿ ಕೀಟನಾಶಕದ ಮಳೆಯ ಕೆಳಗೆ ಬಾಳಿದ ಚರಿತ್ರೆ. ಕಯ್ಯಾರರು ಮಕ್ಕಳಿಗೆ ಪಾಠ ಹೇಳಿದ ಪೆರಡಾಲವೂ ಇದೇ ಬದಿಯಡ್ಕದಲ್ಲಿದೆ ಎಂಬುದನ್ನು ನೆನೆದರೆ, ಈ ಅಧ್ಯಾಯ ನಮ್ಮಿಂದ ಎಷ್ಟು ಸಮೀಪದ್ದೆಂಬುದು ತಿಳಿದೀತು.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ರಾಸಾಯನಿಕದ ನಿಷೇಧದ ಕಥೆಯಾಗಿ ಹೇಳಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಅದಕ್ಕಿಂತ ಮುಖ್ಯವಾಗಿ ಬರೆದಿಟ್ಟವರ ಕಥೆ. ಕಣ್ಣಿಗೆ ಕಂಡುದನ್ನು ಒಬ್ಬ ಕೃಷಿಕ ಕಾಗದಕ್ಕಿಳಿಸಿದ. ಒಬ್ಬ ಹಳ್ಳಿಯ ವೈದ್ಯ ತನ್ನ ರೋಗಿಗಳ ವಿವರಗಳನ್ನು ಗುರುತು ಹಾಕಿಕೊಂಡ. ಒಬ್ಬ ಮಹಿಳೆ ನ್ಯಾಯಾಲಯದ ಮೆಟ್ಟಿಲೇರಿದಳು. ಪ್ರಯೋಗಾಲಯಗಳು ಬಂದುದು ಆ ಮೇಲೆ.

ಮದ್ದು ಎಂಬ ಮಾತು

ನಮ್ಮ ಕಡೆಯ ಅಡಿಕೆ ಕೃಷಿಕರು ಮಳೆಗಾಲದಲ್ಲಿ ಕೊಳೆರೋಗದಿಂದ ಫಸಲನ್ನು ಉಳಿಸಿಕೊಳ್ಳಲು ಮಾಡುವ ಸಿಂಪಡಣೆಗೆ 'ಮದ್ದು ಬಿಡುವುದು' ಎನ್ನುತ್ತಾರೆ. ಮೈಲುತುತ್ತು ಮತ್ತು ಸುಣ್ಣವನ್ನು ಬೆರೆಸಿ ತಯಾರಿಸುವ ಈ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಅದನ್ನು ಪ್ರಯೋಗಿಸಿ ಪ್ರಚಾರಕ್ಕೆ ತಂದರು. ಮರದ ರೋಗಕ್ಕೆ ಮದ್ದು ಎಂಬ ಅರ್ಥದಲ್ಲಿ ಹೆಸರು ತಕ್ಕುದೇ ಆಗಿತ್ತು.

ಎರಡನೆಯ ಮಹಾಯುದ್ಧದ ತರುವಾಯ ಬಂದ ಕೃತಕ ಕೀಟನಾಶಕಗಳೂ ಅದೇ ಹೆಸರನ್ನು ಹೊತ್ತು ನಮ್ಮ ಮನೆಯ ಜಗಲಿಗೆ ಬಂದುವು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಎಂಡೋಸಲ್ಫಾನ್ 1950ರ ದಶಕದಲ್ಲಿ ಪೇಟೆಗೆ ಬಂತು. ಕೀಟದ ನರಗಳನ್ನು ಕೆಡಿಸುವ ಈ ದ್ರವ್ಯಗಳನ್ನೂ ನಾವು 'ಮದ್ದು' ಎಂದೇ ಕರೆದೆವು. ಮಲಯಾಳದ 'ಮರುನ್ನ್' ಎಂಬ ಮಾತಿನ ಪಾಡೂ ಇದೇ. ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಾದಾಗ, ಬರಿಗೈಯಲ್ಲಿ ಕಲಸುವವನಿಗೆ ಅಂಜಿಕೆ ಹುಟ್ಟುವುದಾದರೂ ಹೇಗೆ?

ಎಚ್ಚರಿಕೆಯ ಗಂಟೆ ಮೊದಲು ಬಾರಿಸಿದ್ದೂ ಕೇರಳದಲ್ಲಿಯೇ. 1958ರಲ್ಲಿ, ಸಾಗಣೆಯ ವೇಳೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ್ದ ಗೋಧಿಹಿಟ್ಟನ್ನು ತಿಂದು ಆ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದರ ವಿಚಾರಣೆಯ ಫಲವಾಗಿಯೇ ದೇಶದಲ್ಲಿ 1968ರ ಕೀಟನಾಶಕ ಕಾಯಿದೆಯೂ 1971ರ ನಿಯಮಗಳೂ ರೂಪುಗೊಂಡುವು. ಡಬ್ಬಿಗಳ ಮೇಲೆ ಇಂದು ನಾವು ಕಾಣುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತುಗಳು ಆ ನಿಯಮಗಳ ಕೊಡುಗೆ. ಆದರೆ ಈ ಗುರುತುಗಳು ಡಬ್ಬಿಯನ್ನು ಕೈಯಲ್ಲಿ ಹಿಡಿದವನಿಗೆ ಮಾತ್ರ ಕಾಣುತ್ತವೆ. ಆಕಾಶದಿಂದ ಸುರಿಯುವ ಹನಿಯ ಮೇಲೆ ಯಾವ ಬಣ್ಣದ ಗುರುತೂ ಇರುವುದಿಲ್ಲ.

ಗುಡ್ಡೆ, ಗೇರು ಮತ್ತು ಹೆಲಿಕಾಪ್ಟರ್

ಗೇರುಮರವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್ ಕಡೆಯಿಂದ ಪಶ್ಚಿಮ ಕರಾವಳಿಗೆ ತಂದರು. ಮುರಕಲ್ಲಿನ ಬರಡು ಗುಡ್ಡೆಗಳಲ್ಲಿಯೂ ಅದು ಬೇರೂರಿತು. 1962ರಲ್ಲಿ ಸ್ಥಾಪನೆಯಾದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಎಂಬ ಸರಕಾರಿ ನಿಗಮದ ಸ್ವಾಧೀನಕ್ಕೆ ಕಾಸರಗೋಡು ಪ್ರದೇಶದ ಸುಮಾರು 4,700 ಹೆಕ್ಟೇರ್ ಗೇರುತೋಟ ಬಂತು. ಗೇರಿನ ಚಿಗುರು, ಹೂ, ಎಳೆಯ ಬೀಜಗಳ ರಸ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ತಿಗಣೆಯ ಜಾತಿಯ ಕೀಟ ಈ ತೋಟಗಳ ದೊಡ್ಡ ಶತ್ರುವಾಗಿತ್ತು. ಅದನ್ನು ಹತ್ತಿಕ್ಕಲು 1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು.

ಇಲ್ಲಿನ ಭೂರಚನೆಯನ್ನು ಅರಿಯದೆ ಈ ಸಿಂಪಡಣೆಯ ಪರಿಣಾಮವನ್ನು ಅರಿಯಲಾಗದು. ಬಯಲುಸೀಮೆಯ ಹೊಲದಂತೆ ನಮ್ಮ ನೆಲ ಸಪಾಟಾದುದಲ್ಲ. ಮೇಲೆ ಗುಡ್ಡೆ, ಗುಡ್ಡೆಯ ಇಳಿಜಾರಿನಲ್ಲಿ ಮನೆ, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಗದ್ದೆ, ತೋಡು. ಗೇರು ಗುಡ್ಡೆಯ ತಲೆಯ ಮೇಲಿತ್ತು, ಜನ ಅದರ ಬುಡದಲ್ಲಿದ್ದರು. ವೈಮಾನಿಕ ಸಿಂಪಡಣೆಯನ್ನು ಮರದ ತಲೆಯಿಂದ ಎರಡು ಮೂರು ಮೀಟರಿಗಿಂತ ಎತ್ತರದಿಂದ ಮಾಡಬಾರದು, ಜಲಮೂಲಗಳನ್ನು ಮುಚ್ಚಿರಬೇಕು, ಜನರಿಗೆ ಮುಂಚಿತವಾಗಿ ತಿಳಿಸಬೇಕು ಎಂಬ ಕಟ್ಟುಪಾಡುಗಳಿದ್ದುವು. ಏರುತಗ್ಗಿನ ಗುಡ್ಡೆಸಾಲಿನ ಮೇಲೆ ಅಷ್ಟು ತಗ್ಗಿನಲ್ಲಿ ಹಾರುವುದು ಸುಲಭವಲ್ಲ. ಇನ್ನು ಜಲಮೂಲಗಳನ್ನು ಮುಚ್ಚುವ ಮಾತು! ಬಾವಿಗೆ ಮಡಲು ಹೊದಿಸಬಹುದು. ಆದರೆ ಗುಡ್ಡೆಯ ಒಡಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗ ನಮ್ಮ ಸೀಮೆಯ ವಿಶಿಷ್ಟ ಜಲಮೂಲ. ಪಡ್ರೆ ಪರಿಸರದ ಎಷ್ಟೋ ಮನೆಗಳು ಕುಡಿಯಲು ನೆಚ್ಚಿದ್ದು ಈ ಸುರಂಗದ ನೀರನ್ನೇ. ಅದರ ನೀರು ಗುಡ್ಡೆಯ ಮೇಲೆ ಬಿದ್ದು ಇಂಗಿದ ಮಳೆಯ ನೀರೇ ತಾನೆ? ತೆರೆದ ತೋಡನ್ನಾದರೂ ಯಾವ ಹೊದಿಕೆಯಿಂದ ಮುಚ್ಚುವುದು? ಸಿಂಪಡಿಸಿದ ದ್ರವ್ಯದ ಒಂದು ಪಾಲು ಎಲೆಯ ಮೇಲೆ ನಿಂತರೆ, ಗಾಳಿಗೆ ತೇಲಿದುದು ಇಳಿಜಾರಿನ ಮನೆಗಳತ್ತ ಸಾಗಿತು. ಮಣ್ಣಿಗೆ ಬಿದ್ದುದು ಮಳೆಗಾಲದಲ್ಲಿ ಕೊಚ್ಚಿಕೊಂಡು ಕಣಿವೆಗಿಳಿಯಿತು.

ಎಂಡೋಸಲ್ಫಾನ್ ಒಂದು ಆರ್ಗನೋಕ್ಲೋರಿನ್ ಸಂಯುಕ್ತ. ಉಸಿರು, ಆಹಾರ, ಚರ್ಮ ಈ ಮೂರು ದಾರಿಗಳಿಂದಲೂ ಅದು ಶರೀರವನ್ನು ಸೇರಬಲ್ಲುದು. ಮೆದುಳಿನ ನರಕೋಶಗಳ ಉದ್ರೇಕವನ್ನು ಶಮನಗೊಳಿಸುವ ವ್ಯವಸ್ಥೆಯನ್ನು ಅದು ತಡೆಯುವುದರಿಂದ, ಹೆಚ್ಚು ಪ್ರಮಾಣದಲ್ಲಿ ಸೇವನೆಯಾದಾಗ ನಡುಕ, ಅಪಸ್ಮಾರದಂತಹ ಸೆಳವು, ಸಾವು ಸಂಭವಿಸುತ್ತವೆ. ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಸೋಂಕಿದಾಗ ಹಾರ್ಮೋನುಗಳ ಕ್ರಿಯೆಯಲ್ಲಿ ಏರುಪೇರಾಗುವುದನ್ನು ಅಧ್ಯಯನಗಳು ತೋರಿಸಿವೆ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ವಿಷಗುಣದಲ್ಲಿ ಇದು ಮೂಲದ್ರವ್ಯಕ್ಕೆ ಕಡಿಮೆಯದಲ್ಲ, ಬಾಳಿಕೆಯಲ್ಲಿ ಅದಕ್ಕಿಂತ ಹೆಚ್ಚಿನದು. ತಾಯಿಯ ಹಾಲಿಗೂ ಗರ್ಭದ ಶಿಶುವಿಗೂ ಅದು ತಲುಪಬಲ್ಲುದು. ಆದ್ದರಿಂದ ಈ ವಿಷಯದಲ್ಲಿ ಕೃಷಿಕನೊಬ್ಬನ ಆರೋಗ್ಯವನ್ನಷ್ಟೇ ನೋಡಿದರೆ ಸಾಲದು. ಪಂಪು ಹಿಡಿಯದ ಹೆಂಗಸರು, ಗೇರುಬೀಜ ಹೆಕ್ಕುವ ಕೂಲಿಯವರು, ಗುಡ್ಡೆಯ ದಾರಿಯಾಗಿ ಶಾಲೆಗೆ ನಡೆದು ಬರುವ ಮಕ್ಕಳು, ಹಟ್ಟಿಯ ಹಸು ಎಲ್ಲರೂ ಒಂದೇ ನೀರಿನ, ಒಂದೇ ಗಾಳಿಯ ಪಾಲುದಾರರು.

ಮೊದಲು ಬರೆದವರು

ಅನಾಹುತವನ್ನು ಮೊದಲು ಸಾರಿದುದು ಹಟ್ಟಿ. 1979ರ ವೇಳೆಗೆ ಪಡ್ರೆಯ ಕೃಷಿಕರೊಬ್ಬರ ಹಟ್ಟಿಯಲ್ಲಿ ಕೈಕಾಲು ಸೊಟ್ಟಗಾದ, ಬೆಳವಣಿಗೆ ಕುಂಠಿತವಾದ ಕರುಗಳು ಹುಟ್ಟಿದುವು. ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಇದನ್ನು ಗಮನಿಸಿ, ಗೇರಿಗಿಂತ ಜೀವ ಅಗ್ಗವಾಯಿತೇ ಎಂಬ ಧಾಟಿಯ ಲೇಖನವೊಂದನ್ನು 1981ರಲ್ಲಿ ಆಂಗ್ಲ ವಾರಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮುಂದೆ 'ಅಡಿಕೆ ಪತ್ರಿಕೆ'ಯ ಮೂಲಕ ಕೃಷಿಕರ ಕೈಗೆ ಲೇಖನಿ ಕೊಟ್ಟವರೂ, ನೆಲಜಲದ ಬರೆಹಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದವರೂ ಇವರೇ.

1982ರಲ್ಲಿ ಡಾ. ವೈ. ಎಸ್. ಮೋಹನಕುಮಾರರು ಪಡ್ರೆಯ ವಾಣೀನಗರದಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರು. ಹಳ್ಳಿಯ ವೈದ್ಯನ ಬಳಿಗೆ ಜ್ವರ, ಶೀತ, ಹೊಟ್ಟೆನೋವುಗಳು ಬರುವುದು ಸಹಜ. ಅವರ ಬಳಿಗೆ ಬಂದ ಮನೋರೋಗ, ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ಅರ್ಬುದ ಇವುಗಳ ಸಂಖ್ಯೆ ಅಷ್ಟು ಪುಟ್ಟ ಊರಿಗೆ ಅತಿಯಾಗಿತ್ತು. ಸ್ವರ್ಗ ಎಂಬ ಹೆಸರಿನ ಆ ಪರಿಸರದಲ್ಲಿ ತೋಡಿನ ಅಕ್ಕಪಕ್ಕದ ಮನೆಗಳಲ್ಲಿಯೇ ಇವು ದಟ್ಟವಾಗಿರುವುದನ್ನು ಅವರು ಕಂಡರು. ನೀರಿನಲ್ಲಿ ಏನೋ ದೋಷವಿರಬೇಕೆಂಬ ಶಂಕೆಯಿಂದ ಮೊದಲುಗೊಂಡು, 1997ರಲ್ಲಿ ಕೇರಳದ ವೈದ್ಯಕೀಯ ಪತ್ರಿಕೆಯ ಮೂಲಕ ತಮ್ಮ ವೃತ್ತಿಬಾಂಧವರ ನೆರವನ್ನು ಕೋರಿದರು. ಹದಿನೈದು ವರ್ಷಗಳ ಅವರ ಕಾಣ್ಕೆಗೆ ಆಧಾರವಾಗಿದ್ದುದು ಯಾವ ಯಂತ್ರವೂ ಅಲ್ಲ; ಯಾವ ಮನೆ, ಯಾವ ರೋಗ, ಎಷ್ಟು ವಯಸ್ಸು ಎಂಬ ನೆನಪು ಮತ್ತು ಗುರುತು.

ಕಾಸರಗೋಡಿನ ಗಡಿಯ ಬದುಕು ಈ ತಡಕ್ಕೆ ಹೇಗೆ ಕಾರಣವಾಯಿತೆಂಬುದನ್ನು ನಾವು ಚಿಂತಿಸಬೇಕು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಈ ಪ್ರದೇಶದ ಉತ್ತರ ಭಾಗದವರು ದೊಡ್ಡ ಕಾಯಿಲೆಯಾದರೆ ಇಂದಿಗೂ ಹೋಗುವುದು ಮಂಗಳೂರಿಗೆ. 2020ರಲ್ಲಿ ಸಾಂಕ್ರಾಮಿಕದ ನೆಪದಲ್ಲಿ ಗಡಿರಸ್ತೆ ಮುಚ್ಚಿದಾಗ ಈ ಅವಲಂಬನೆಯ ಆಳ ದೇಶಕ್ಕೇ ತಿಳಿಯಿತು. ಹೀಗಾಗಿ ಗೇರುತೋಟ ಒಂದು ರಾಜ್ಯದಲ್ಲಿ, ಅದರ ಕೆಳಗೆ ಬಾಳಿದ ರೋಗಿಯ ಚಿಕಿತ್ಸೆಯ ಕಾಗದ ಇನ್ನೊಂದು ರಾಜ್ಯದಲ್ಲಿ ಎಂಬಂತಾಯಿತು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವರು ಊರಿನೊಳಗಿನವರೇ ಆಗಬೇಕಿತ್ತು. ತಿರುವನಂತಪುರ ನಮಗೆ ಐನೂರು ಕಿಲೋಮೀಟರಿಗೂ ಆಚೆಯ ಊರು. ತುಳು, ಕನ್ನಡ, ಮರಾಠಿ, ಮಲಯಾಳ ಬೆರೆತ ಪಡ್ರೆಯ ಮನೆಮಾತು ಅಲ್ಲಿಯವರೆಗೆ ಕೇಳಿಸಲು ಬಹಳ ಕಾಲ ಹಿಡಿಯಿತು.

ನ್ಯಾಯಾಲಯ ಮತ್ತು ಪ್ರಯೋಗಾಲಯ

ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಅವರ ಮನೆ ಗೇರುತೋಟದ ಸಮೀಪದಲ್ಲಿತ್ತು. 1998ರಲ್ಲಿ ಅವರು ಕಾಞಂಗಾಡಿನ ಹೊಸದುರ್ಗ ಮುನ್ಸಿಫ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2000ದ ಅಕ್ಟೋಬರಿನಲ್ಲಿ ವೈಮಾನಿಕ ಸಿಂಪಡಣೆಯ ವಿರುದ್ಧ ಆ ನ್ಯಾಯಾಲಯದ ತೀರ್ಪು ಬಂತು. ಸಾಮಾನ್ಯ ಮಹಿಳೆಯೊಬ್ಬಳು ತನ್ನ ಇಲಾಖೆಯೇ ಶಿಫಾರಸು ಮಾಡುತ್ತಿದ್ದ ಪದ್ಧತಿಯನ್ನು ಪ್ರಶ್ನಿಸಿ ಕೆಳಹಂತದ ನ್ಯಾಯಾಲಯದಿಂದ ಪಡೆದ ಈ ತಡೆ, ಮುಂದಿನ ಎಲ್ಲ ಹೋರಾಟಗಳ ಬುನಾದಿಯಾಯಿತು. ಪಡ್ರೆ, ಪೆರ್ಲ ಭಾಗದಲ್ಲಿಯೂ ಸಿಂಪಡಣೆ ವಿರೋಧಿ ಕ್ರಿಯಾಸಮಿತಿ ಹುಟ್ಟಿಕೊಂಡಿತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ತರಕಾರಿ, ಹಾಲು, ಮನುಷ್ಯರ ರಕ್ತ ಇವುಗಳನ್ನು ಪರೀಕ್ಷಿಸಿ ಎಂಡೋಸಲ್ಫಾನಿನ ಅಂಶವನ್ನು ಪತ್ತೆಹಚ್ಚಿತು. ನಿಗಮವು ಮಾಡಿಸಿದ ಬೇರೊಂದು ಪರೀಕ್ಷೆಯ ವರದಿ ಇದಕ್ಕೆ ವಿರುದ್ಧವಾಗಿತ್ತು. ಅದೇ ವರ್ಷ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡವು ಇಲ್ಲಿಗೆ ಬಂದು, ಗೇರುತೋಟದ ಬುಡದಲ್ಲಿರುವ ಪಡ್ರೆಯ ಶಾಲಾಮಕ್ಕಳನ್ನು, ಅಂತಹ ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಈ ಅಧ್ಯಯನದ ಒಂದು ಭಾಗ 2003ರಲ್ಲಿ 'ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೋಂಕಿಗೆ ಒಳಗಾದ 117 ಮತ್ತು ಒಳಗಾಗದ 90 ಗಂಡುಮಕ್ಕಳನ್ನು ಪರಿಶೀಲಿಸಿದ ಆ ಪ್ರಬಂಧವು, ಎಂಡೋಸಲ್ಫಾನ್ ಸೋಂಕು ಗಂಡುಮಕ್ಕಳು ಪ್ರಾಯಕ್ಕೆ ಬರುವುದನ್ನು ತಡಮಾಡಬಹುದು, ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಪಡಿಸಬಹುದು ಎಂದು ಅಭಿಪ್ರಾಯಪಟ್ಟಿತು. ಹೀಗೆ ನಮ್ಮ ಹಳ್ಳಿಯ ಶಾಲೆಯ ಬೆಂಚಿನಲ್ಲಿ ಕುಳಿತ ಮಕ್ಕಳು ಜಗತ್ತಿನ ವೈದ್ಯವಿಜ್ಞಾನದ ದಾಖಲೆಯಾದರು.

ಕೇಂದ್ರದ ತಜ್ಞರ ಸಮಿತಿಯೊಂದು ಸರಿಸುಮಾರು ಅದೇ ಕಾಲದಲ್ಲಿ, ರೋಗಗಳಿಗೂ ಸಿಂಪಡಣೆಗೂ ಸಂಬಂಧ ಸಿದ್ಧವಾಗಿಲ್ಲವೆಂದಿತು. ಇಲ್ಲಿ ನಾವು ನ್ಯಾಯವಾಗಿ ಯೋಚಿಸಬೇಕು. ಒಂದು ಪ್ರದೇಶದ ಪ್ರತಿಯೊಂದು ಅಂಗವೈಕಲ್ಯಕ್ಕೂ ಪ್ರತಿಯೊಂದು ಅರ್ಬುದಕ್ಕೂ ಇದೊಂದೇ ಕಾರಣವೆನ್ನುವುದು ವಿಜ್ಞಾನವಾಗದು. ಇದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲುಗಳನ್ನು ಊನಗೊಳಿಸುವ ಕಾಯಿಲೆ ಕಾಣಿಸಿಕೊಂಡಾಗ, ಕೀಟನಾಶಕ ಹಾಕಿದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವೆಂಬ ಶಂಕೆ ಮೊದಲು ಹುಟ್ಟಿತ್ತು. ಮುಂದಿನ ಸಂಶೋಧನೆಯಲ್ಲಿ ಅದು ವಂಶವಾಹಿಯಿಂದ ಬರುವ ರೋಗವೆಂದು ತಿಳಿದುಬಂತು. ಶಂಕೆ ಬೇರೆ, ಪುರಾವೆ ಬೇರೆ ಎಂಬುದಕ್ಕೆ ಹಂದಿಗೋಡು ಪಾಠವಾದರೆ, ಪುರಾವೆ ಪೂರ್ಣವಾಗುವವರೆಗೆ ವಿಷ ಸುರಿಯುವುದನ್ನು ಮುಂದುವರಿಸಬಾರದು ಎಂಬುದಕ್ಕೆ ಪಡ್ರೆ ಪಾಠ. ಒಂದು ಮಾತನ್ನು ಮರೆಯಬಾರದು: ಸಿಂಪಡಿಸುವ ಮುನ್ನ ಜನರ ಆರೋಗ್ಯದ ಲೆಕ್ಕ ತೆಗೆದಿಡುವ ಹೊಣೆ ಸಿಂಪಡಿಸಿದವರದು. ಆ ಲೆಕ್ಕವಿಲ್ಲದಿದ್ದುದರಿಂದಲೇ ಇಪ್ಪತ್ತು ವರ್ಷಗಳ ಬಳಿಕ ಮೊದಲು ಹೀಗಿತ್ತು, ಈಗ ಹೀಗಾಯಿತು ಎಂದು ತೋರಿಸುವ ಭಾರ ಸಂತ್ರಸ್ತರ ಹೆಗಲಿಗೆ ಬಂತು.

ನಿಷೇಧ ಮತ್ತು ಪರಿಹಾರ

2005ರಲ್ಲಿ ಕೇರಳದಲ್ಲಿ ಎಂಡೋಸಲ್ಫಾನ್ ಬಳಕೆಗೆ ತಡೆ ಬಂತು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗದ ಗೇರುತೋಟಗಳ ಪರಿಸರದಲ್ಲಿಯೂ ಇದೇ ಬಗೆಯ ಸಂಕಟ ಬೆಳಕಿಗೆ ಬಂದು, 2011ರ ಆರಂಭದಲ್ಲಿ ಕರ್ನಾಟಕ ಸರಕಾರವೂ ನಿಷೇಧ ವಿಧಿಸಿತು. ಆ ವರ್ಷದ ಏಪ್ರಿಲಿನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆಯು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ದ್ರವ್ಯಗಳ ಪಟ್ಟಿಗೆ ಸೇರಿಸಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಪಡ್ರೆಯ ಕರುಗಳ ಬಗ್ಗೆ ಮೊದಲ ಲೇಖನ ಬಂದುದು 1981ರಲ್ಲಿ; ದೇಶದ ನಿಷೇಧ ಬಂದುದು 2011ರಲ್ಲಿ. ನಡುವಣ ಮೂವತ್ತು ವರ್ಷಗಳಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಿತ್ತು.

ಪರಿಹಾರದ ದಾರಿಯೂ ದೀರ್ಘವಾಗಿತ್ತು. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಮೃತರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ 5 ಲಕ್ಷ ರೂಪಾಯಿ, ಇತರ ವೈಕಲ್ಯವುಳ್ಳವರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯವು ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿಗಳ ಪರಿಹಾರ ನೀಡುವಂತೆ ಕೇರಳಕ್ಕೆ ಆದೇಶಿಸಿತು. ಐದು ವರ್ಷಗಳ ಅನಂತರ, 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಾಗ, 3,704 ಸಂತ್ರಸ್ತರ ಪೈಕಿ ಪರಿಹಾರ ತಲುಪಿದ್ದು ಕೇವಲ 8 ಮಂದಿಗೆ. ನ್ಯಾಯಾಲಯದ ಕಟುನುಡಿಯ ತರುವಾಯವಷ್ಟೇ ಹಣ ಹಂಚಿಕೆ ವೇಗ ಪಡೆಯಿತು. ಆದರೆ ದುಡಿಯಲಾರದ ಮಗನನ್ನೋ ಮಗಳನ್ನೋ ಎತ್ತಿ ಸ್ನಾನ ಮಾಡಿಸುವ ತಾಯಂದಿರು ಈಗ ಮುದುಕಿಯರಾಗಿದ್ದಾರೆ. ತಮ್ಮ ನಂತರ ಯಾರು ಎಂಬ ಅವರ ಪ್ರಶ್ನೆ ಒಂದು ಬಾರಿಯ ಹಣದಿಂದ ತೀರುವಂತಹುದಲ್ಲ.

ನಮ್ಮ ಪಾಲಿನ ಕೆಲಸ

ಹೆಲಿಕಾಪ್ಟರಿನ ಸದ್ದು ನಿಂತಿದೆ. ಮದ್ದಿನ ಡಬ್ಬಿ ಮಾತ್ರ ನಮ್ಮ ಮನೆಗಳಿಂದ ಹೋಗಿಲ್ಲ. ಗಡಿನಾಡಿನ ಯಾವ ಭಾಗದಲ್ಲಿಯೇ ಇರಲಿ, ಅಡಿಕೆ, ಹತ್ತಿ, ದ್ರಾಕ್ಷಿ, ದಾಳಿಂಬೆ, ಟೊಮೆಟೊ, ಚಹಾ ಬೆಳೆಯುವ ಕನ್ನಡ ಕುಟುಂಬಗಳು ಇಂದಿಗೂ ಒಂದಲ್ಲ ಒಂದು ಕೀಟನಾಶಕ, ಕಳೆನಾಶಕವನ್ನು ಬಳಸುತ್ತಿವೆ. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಮನೆಯ ಮಕ್ಕಳಿಂದಲಾದರೂ ಓದಿಸಿ ತಿಳಿಯಬೇಕು: ಕೆಂಪು ಅತ್ಯಂತ ಅಪಾಯದ್ದು, ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಅದಕ್ಕಿಂತ ಕಡಿಮೆಯವು, ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ. ಸಿಂಪಡಿಸಿದವರ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ನೆನೆಹಾಕಬಾರದು. ಬಸುರಿಯರೂ ಮಕ್ಕಳೂ ಮದ್ದು ಕಲಸುವ ಜಾಗಕ್ಕೆ ಸುಳಿಯಬಾರದು. ಖಾಲಿ ಬಾಟಲಿಯಲ್ಲಿ ಎಣ್ಣೆಯನ್ನೋ ನೀರನ್ನೋ ತುಂಬಿಡಬಾರದು. ಯಾರಿಗಾದರೂ ತಲೆಸುತ್ತು, ವಾಂತಿ, ನಡುಕ ಬಂದರೆ ಆಸ್ಪತ್ರೆಗೆ ಒಯ್ಯುವಾಗ ಡಬ್ಬಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ಹೆಸರು ತಿಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಸಂಘದ ಮುಂದೆ ನಾನಿಡುವ ಸೂಚನೆ ಇಷ್ಟು. ಪಡ್ರೆಯ ಚರಿತ್ರೆಯ ಮೂಲ ಕಾಗದಗಳಾದ ಕರಪತ್ರ, ಕನ್ನಡದ ಮನವಿಗಳು, ಪತ್ರಿಕಾ ತುಣುಕುಗಳು, ಸಭೆಯ ನಡಾವಳಿಗಳು ಇಂದು ಮನೆಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಅವುಗಳನ್ನು ಒಂದೆಡೆ ಸೇರಿಸಿ ಪ್ರತಿ ತೆಗೆದಿಡುವ ಕೆಲಸವನ್ನು ಸಂಘವು ಕೈಗೊಳ್ಳಲಿ. ಆ ತಾಯಂದಿರ ಮಾತನ್ನು ಅವರ ಒಪ್ಪಿಗೆ ಪಡೆದು, ಅವರ ತುಳುವಿನಲ್ಲಿಯೋ ಕನ್ನಡದಲ್ಲಿಯೋ, ಹಾಗೆಯೇ ದಾಖಲಿಸಲಿ. ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ರದ್ದಿಗೆ ಹಾಕುವ ಮುನ್ನ ನಮ್ಮ ಅಧ್ಯಾಪಕ ಬಂಧುಗಳು ಎರಡು ಬಾರಿ ಯೋಚಿಸಲಿ. ಯಾವ ವರ್ಷ ಎಷ್ಟು ಮಕ್ಕಳು ಸೇರಿದರು, ಯಾರು ನಡುವೆಯೇ ನಿಂತರು, ಏಕೆ ನಿಂತರು ಎಂಬ ಆ ಷರಾ ಕಾಲಮಿನ ಒಂದೊಂದು ಸಾಲೂ ಮುಂದೊಂದು ದಿನ ಯಾವುದೋ ಊರಿನ ಪರವಾಗಿ ಸಾಕ್ಷಿ ಹೇಳಬೇಕಾಗಿ ಬರಬಹುದು. ಮುಂದಿನ ಸಮ್ಮೇಳನದ ವೇಳೆಗೆ ಎಣ್ಮಕಜೆಯ ಒಂದು ವಾರ್ಡಿನ ಕಾಗದಗಳಾದರೂ ಸಂಘದ ಕಪಾಟು ಸೇರಿದರೆ ಆರಂಭಕ್ಕೆ ಅಷ್ಟು ಸಾಕು.